ಸಾಣಾಪುರದ ಬಿಸಿಲಿಗೂ ಜಗ್ಗದ ಮಾವಿನ ರೋಲ್ ಕೇಕ್

ಮೇ ತಿಂಗಳಲ್ಲಿ ಗಂಗಾವತಿ ಕಡೆ ಮನೆಯಲ್ಲಿ ಹುಟ್ಟುಹಬ್ಬ ಬಂತು ಅಂದ್ರೆ ಕೇಕ್ ತರೋದೇ ಒಂದು ದೊಡ್ಡ ಕೆಲಸ. ಪೇಟೆಯಲ್ಲಿ ಡಬ್ಬಿ ಕಟ್ಟಿಸಿಕೊಂಡು ಬೈಕ್ ಹತ್ತಿದರೆ, ಆನೆಗೊಂದಿ ದಾಟಿ ಸಾಣಾಪುರ ಸೇರೋ ಹೊತ್ತಿಗೆ ಮೇಲಿನ ಗುಲಾಬಿ ಹೂ ಒಂದು ಕಡೆ ವಾಲಿರುತ್ತೆ, ಹೆಸರಿನ ಅಕ್ಷರ ಇನ್ನೊಂದು ಕಡೆ ಜಾರಿರುತ್ತೆ. ಮಧ್ಯಾಹ್ನದ ಬಿಸಿಲು 40 ಡಿಗ್ರಿ ಆಸುಪಾಸು. ಸುತ್ತಲಿನ ಬಂಡೆಗಲ್ಲು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಊಟದ ಹೊತ್ತಿಗೂ ಬಿಡ್ತಾ ಇರುತ್ತೆ. ಪಾಪ, ಕ್ರೀಮ್ ಆದ್ರೂ ಎಷ್ಟು ಅಂತ ತಡೆದೀತು?

ಆದರೆ ಅದೇ ಮೇ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಮಾವು ರಾಶಿ ಬಿದ್ದಿರುತ್ತೆ. ತೋಟಗಾರಿಕೆ ಇಲಾಖೆಯ ಮಾವು ಮೇಳದಲ್ಲಿ ಇಲ್ಲಿಯ ಕೇಸರ್ ಹಣ್ಣಿಗೇ ಮೊದಲ ಬೇಡಿಕೆ. ಮನೆ ಮೂಲೆಯ ಹುಲ್ಲಲ್ಲಿ ಹಣ್ಣು ಮಾಗ್ತಾ ಇರುವಾಗ, ಎಲ್ಲಿಂದಲೋ ಬಂದ ಟಿನ್ ಪೈನಾಪಲ್ ಹಾಕಿದ ಕೇಕ್ ತರೋದು ಯಾಕೆ? ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಸಿಕ್ಕ ಉತ್ತರ ರೋಲ್ ಕೇಕ್. ತೆಳ್ಳಗೆ ಬೇಯಿಸಿದ ಸ್ಪಂಜಿನ ಹಾಳೆ, ಒಳಗೆ ಪನೀರ್ ಮತ್ತು ಕಟ್ಟಿದ ಮೊಸರು, ನಡುವೆ ಮಾವಿನ ಹೋಳು. ಚಾಪೆ ಸುತ್ತಿದ ಹಾಗೆ ಸುತ್ತಿದರೆ ಆಯ್ತು.

ಊರಿಗೆ ಬಂದ ಕೇಕ್, ಮನೆಗೆ ಬರಲಿಲ್ಲ

ಸಾಣಾಪುರದ ಸುತ್ತಮುತ್ತ ವಿದೇಶಿ ತಿಂಡಿ ಹೊಸದೇನಲ್ಲ. ತುಂಗಭದ್ರೆಯ ನಡುವಿನ ವಿರೂಪಾಪುರ ಗಡ್ಡೆಯನ್ನು ಪ್ರವಾಸಿಗರು ಹಿಪ್ಪಿ ಐಲ್ಯಾಂಡ್ ಅಂತಲೇ ಕರೀತಿದ್ರು. ಅಲ್ಲಿಯ ಕೆಫೆಗಳಲ್ಲಿ ಪ್ಯಾನ್‌ಕೇಕ್, ಪಿಜ್ಜಾ, ಇಸ್ರೇಲಿಗಳಿಗೆ ಇಷ್ಟವಾದ ಶಕ್‌ಶುಕಾ ಎಲ್ಲಾ ಸಿಗ್ತಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಗಡ್ಡೆಯ ರೆಸಾರ್ಟ್‌ಗಳು ತೆರವಾದವು. ಪ್ರವಾಸಿಗರ ಓಡಾಟ ಸಾಣಾಪುರದ ಕೆರೆ, ಹನುಮನಹಳ್ಳಿ, ಆನೆಗೊಂದಿ ಕಡೆ ಹೆಚ್ಚಾಯಿತು. ಬಾಳೆ ತೋಟ, ಭತ್ತದ ಗದ್ದೆಗಳ ನಡುವೆ ಇಂಗ್ಲಿಷ್ ಮೆನು ಬೋರ್ಡ್‌ಗಳು ಎದ್ದವು.

ಅದೆಲ್ಲ ಬಂದವರಿಗೆ. ಊರಿನವರ ಪಾಲಿಗೆ ಕೇಕ್ ಅಂದ್ರೆ ಇವತ್ತಿಗೂ ಪೇಟೆಯಿಂದ ಡಬ್ಬಿಯಲ್ಲಿ ಬರೋ ವಸ್ತು. ಆ ಡಬ್ಬಿ ತೆರೆದಾಗ ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದೇ ಮಾತು. ಅಜ್ಜಿ ಕೇಳ್ತಾಳೆ: "ಇದಕ್ಕ ತತ್ತಿ ಹಾಕ್ಯಾರೇನು?" ಹೌದು ಅಂದ್ರೆ, ಮೊಮ್ಮಗನ ಬಾಯಿಗೆ ಒಂದು ತುಣುಕು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ತನಗೆ ಅಂತ ತೆಗೆದಿಟ್ಟ ಪೇಡೆ ತಗೊಂಡು ಪಕ್ಕಕ್ಕೆ ಕೂತುಬಿಡ್ತಾಳೆ. ಬೇಜಾರೇನೂ ಇಲ್ಲ ಅವಳಿಗೆ. ಆದ್ರೂ ಮನೆಯ ಹಿರಿಜೀವ ಬಿಟ್ಟು ಉಳಿದವರೆಲ್ಲ ತಿನ್ನೋ ಸಿಹಿ ಎಂಥ ಸಿಹಿ? ಅದಕ್ಕೇ ಇಲ್ಲಿ ಎರಡು ಥರದ ಸ್ಪಂಜು ಕೊಡ್ತಿದ್ದೇನೆ. ಒಂದಕ್ಕೆ ಮೊಟ್ಟೆ ಇದೆ, ಇನ್ನೊಂದಕ್ಕೆ ಇಲ್ಲ. ಒಳಗಿನ ಹೂರಣ ಎರಡಕ್ಕೂ ಒಂದೇ.

ಮೊದಲು ಹೂರಣದ ಲೆಕ್ಕ

ಹೊಡೆದ ಕ್ರೀಮ್ ನಿಲ್ಲೋದು ಕೊಬ್ಬಿನ ಬಲದ ಮೇಲೆ. ಗಾಳಿಯ ಗುಳ್ಳೆಗಳ ಸುತ್ತ ತಣ್ಣನೆಯ ಕೊಬ್ಬು ಗೋಡೆ ಕಟ್ಟಿರುತ್ತೆ. ಹಾಲಿನ ಕೊಬ್ಬು ನಮ್ಮ ಮೈಯ ಬಿಸಿ ಮುಟ್ಟೋ ಮೊದಲೇ ಹೆಚ್ಚುಕಡಿಮೆ ಪೂರ್ತಿ ಕರಗಿಬಿಡುತ್ತೆ. ನಮ್ಮ ಬೇಸಿಗೆ ಅದಕ್ಕಿಂತ ಬಿಸಿ. ಅಂಗಡಿಯಲ್ಲಿ ಸಿಗೋ 25 ಶೇಕಡಾ ಕೊಬ್ಬಿನ ಪ್ಯಾಕೆಟ್ ಕ್ರೀಮ್ ಅಂತೂ ಎಷ್ಟು ಹೊಡೆದ್ರೂ ಗಟ್ಟಿ ಆಗಲ್ಲ. ಅದಕ್ಕೆ ಕನಿಷ್ಠ 30 ಶೇಕಡಾ ಕೊಬ್ಬಾದ್ರೂ ಬೇಕು.

ಬೇಕರಿಯವರಿಗೂ ಈ ಕಷ್ಟ ಗೊತ್ತು. ಹಾಗಾಗಿ ಬಹಳಷ್ಟು ಕಡೆ ಹಾಲಿನದ್ದಲ್ಲದ, ತಾಳೆ ಜಾತಿಯ ಎಣ್ಣೆಯನ್ನು ಗಟ್ಟಿ ಮಾಡಿ ತಯಾರಿಸಿದ ಕ್ರೀಮ್ ಬಳಸ್ತಾರೆ. ಅದು ಹೆಚ್ಚು ಹೊತ್ತು ನಿಲ್ಲುತ್ತೆ, ಬೆಲೆಯೂ ಕಡಿಮೆ. ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ 2 ಶೇಕಡಾ ಮೀರಬಾರದು ಅನ್ನೋ ನಿಯಮ 2022ರ ಜನವರಿಯಿಂದ ದೇಶದಲ್ಲಿ ಜಾರಿಯಲ್ಲಿದೆ. ಆದರೂ ತಿಂದ ಮೇಲೆ ಅಂಗಳಕ್ಕೆ ಮೇಣದ ಹಾಗೆ ಅಂಟೋ ಆ ರುಚಿ ಯಾರಿಗೆ ಗೊತ್ತಿಲ್ಲ ಹೇಳಿ.

ಇನ್ನೊಂದು ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಪನೀರ್ ಪಲ್ಯ ಕುದಿಯುವಾಗ ಪನೀರ್ ಕರಗುತ್ತಾ? ಇಲ್ಲ. ಯಾಕಂದ್ರೆ ನಿಂಬೆಹುಳಿ ಬಿದ್ದು ಒಡೆದ ಹಾಲಿನಲ್ಲಿ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಬಲೆ ಕಟ್ಟಿರುತ್ತೆ. ಬಿಸಿಗೆ ಆ ಬಲೆ ಬಿಚ್ಚಿಕೊಳ್ಳಲ್ಲ. ಕಟ್ಟಿದ ಮೊಸರಲ್ಲೂ ಇಂಥದೇ ಬಲೆ. ಉತ್ತರ ಕರ್ನಾಟಕದ ಸುಡುಬಿಸಿಲಲ್ಲಿ ಮದುವೆ ಪಂಕ್ತಿಗೆ ಶ್ರೀಖಂಡ ಬಡಿಸ್ತಾರೆ, ಅದು ಎಲೆಯ ಮೇಲೆ ಹರಿಯದೆ ಕೂತಿರುತ್ತೆ. ಅದೇ ಶ್ರೀಖಂಡಕ್ಕೆ ಪನೀರ್ ಜೊತೆ ಮಾಡಿದರೆ ನಮ್ಮ ಊರಿನ ಕ್ರೀಮ್ ಚೀಸ್ ತಯಾರು. ತಣ್ಣಗೇ ತಲುಪಬೇಕಾದ ದುಬಾರಿ ಡಬ್ಬಿಯ ಹಂಗಿಲ್ಲ.

ಬೇಕಾಗೋದು ಇಷ್ಟು:

• ಗಟ್ಟಿ ಮೊಸರು ಅರ್ಧ ಕೆಜಿ. ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೆ ಪಾತ್ರೆ ಇಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡಿ. ಬೇಸಿಗೆಯಲ್ಲಿ ಹೊರಗೆ ನೇತುಹಾಕಿದರೆ ಹುಳಿ ಏರುತ್ತೆ. ಸುಮಾರು 200 ಗ್ರಾಂ ಉಳಿಯುತ್ತೆ.
• ಮೆತ್ತನೆಯ ತಾಜಾ ಪನೀರ್ 100 ಗ್ರಾಂ. ಮನೆಯಲ್ಲೇ ಮಾಡೋದಾದ್ರೆ ಅರ್ಧ ಲೀಟರ್ ಗಟ್ಟಿ ಹಾಲು ಸಾಕು.
• ಪುಡಿ ಸಕ್ಕರೆ 40 ಗ್ರಾಂ, ಏಲಕ್ಕಿ ಪುಡಿ ಚಿಟಿಕೆ.
• ಮಾವು ಎರಡು. ಒಂದು ಕೇಸರ್, ತಿರುಳಿಗೆ. ಇನ್ನೊಂದು ಸ್ವಲ್ಪ ಗಟ್ಟಿ ಇರೋ ಬೇನಿಶಾ, ಹೋಳಿಗೆ.

ಪನೀರ್ ಮತ್ತು ಸಕ್ಕರೆಯನ್ನು ಮಿಕ್ಸಿಯಲ್ಲಿ ಕಾಳು ಉಳಿಯದ ಹಾಗೆ ರುಬ್ಬಿ. ಕಟ್ಟಿದ ಮೊಸರನ್ನು ಮಾತ್ರ ಕೈಯಲ್ಲೇ ಕಲಸಿ. ಮಿಕ್ಸಿಗೆ ಹಾಕಿದರೆ ಬಲೆ ಹರಿದು ನೀರಾಗುತ್ತೆ. ಕೇಸರ್ ತಿರುಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ ಮೇಲೆ ಅರ್ಧಕ್ಕೆ ಇಳಿಸಿ, ಆರಲು ಬಿಡಿ. ಬೇನಿಶಾ ಹೋಳುಗಳನ್ನು ಒಣಬಟ್ಟೆ ಮೇಲೆ ಹರಡಿ ಒತ್ತಿ. ರೋಲ್ ಕೇಕಿಗೆ ನೀರೇ ಶತ್ರು.

ಹಣ್ಣು ಬದಲಿಸೋರಿಗೆ ಒಂದು ಮಾತು. ಹಸಿ ಪಪ್ಪಾಯಿ ಹೋಳು, ಹಸಿ ಪೈನಾಪಲ್, ಕಿವಿ ಇವನ್ನು ಪನೀರ್-ಮೊಸರಿನ ಜೊತೆ ನೇರ ಬೆರೆಸಬೇಡಿ. ಅವುಗಳಲ್ಲಿ ಪ್ರೋಟೀನ್ ಕತ್ತರಿಸೋ ಕಿಣ್ವ ಇದೆ. ರಾತ್ರಿ ಕಳೆಯೋದರೊಳಗೆ ಹೂರಣ ನೀರಾಗಿ ಕಹಿಯಾಗುತ್ತೆ. ಸಕ್ಕರೆ ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತೆ, ಆಮೇಲೆ ಬಳಸಬಹುದು. ಮಾವಿಗೆ ಈ ತಾಪತ್ರಯ ಇಲ್ಲ. ಮಾವಿನ ಕಾಲ ಮುಗಿದ ಮೇಲೆ ಕುಷ್ಟಗಿ ಕಡೆಯ ದಾಳಿಂಬೆ ಕಾಳು ಹಾಕಿ. ಬಾಳೆಹಣ್ಣಾದರೆ ಕಪ್ಪಾಗದಂತೆ ನಾಲ್ಕು ಹನಿ ನಿಂಬೆರಸ ಸವರಿ.

ಮೊಟ್ಟೆಯ ಸ್ಪಂಜು

ಮೊಟ್ಟೆ 4, ಸಕ್ಕರೆ 100 ಗ್ರಾಂ, ಮೈದಾ 80 ಗ್ರಾಂ, ಕಾರ್ನ್‌ಫ್ಲೋರ್ 10 ಗ್ರಾಂ, ಎಣ್ಣೆ ಎರಡು ಟೇಬಲ್ ಚಮಚ, ಬೆಚ್ಚಗಿನ ಹಾಲು ಎರಡು ಟೇಬಲ್ ಚಮಚ, ಉಪ್ಪು ಚಿಟಿಕೆ. ಟ್ರೇ ಸುಮಾರು 10 × 14 ಇಂಚು. ಚಿಕ್ಕ ಓವನ್ ಇದ್ದರೆ ಅರ್ಧ ಅಳತೆಯಲ್ಲಿ ಎರಡು ಸಲ ಬೇಯಿಸಿ, ಎರಡು ಪುಟ್ಟ ರೋಲ್ ಮಾಡಿ.

ಓವನ್ 180 ಡಿಗ್ರಿಗೆ ಮೊದಲೇ ಕಾಯಲಿ. ಟ್ರೇಗೆ ಬಟರ್ ಪೇಪರ್ ಹಾಸಿ. ಮೊಟ್ಟೆ, ಸಕ್ಕರೆ, ಉಪ್ಪನ್ನು ಬೀಟರ್‌ನಲ್ಲಿ ಏಳೆಂಟು ನಿಮಿಷ ಹೊಡೆಯಿರಿ. ಬೆಚ್ಚಗಿರೋ ಮೊಟ್ಟೆ ಬೇಗ ಉಬ್ಬುತ್ತೆ, ಇಲ್ಲಿ ಮಾತ್ರ ನಮ್ಮ ಸೆಖೆ ನಮ್ಮ ಪರ. ಬೀಟರ್ ಎತ್ತಿದಾಗ ಬೀಳೋ ಎಳೆ ರಂಗೋಲಿ ಗೆರೆಯ ಹಾಗೆ ಎರಡು-ಮೂರು ಸೆಕೆಂಡ್ ಮೇಲೆ ನಿಂತರೆ ಹದ ಬಂತು ಅಂತ ಅರ್ಥ. ಈ ಸ್ಪಂಜಿಗೆ ಬೇಕಿಂಗ್ ಪೌಡರ್ ಇಲ್ಲ, ಉಬ್ಬಿಸೋದು ಈ ಗಾಳಿಯೇ. ಮೈದಾ, ಕಾರ್ನ್‌ಫ್ಲೋರ್ ಜರಡಿ ಹಿಡಿದು ಮೂರು ಕಂತಲ್ಲಿ ಸೇರಿಸಿ, ತಳದಿಂದ ಮೇಲಕ್ಕೆ ಮಗುಚಿ. ಸುತ್ತ ತಿರುವಿದರೆ ಗಾಳಿ ಹೋಗುತ್ತೆ. ಎಣ್ಣೆ-ಹಾಲಿಗೆ ಒಂದು ಸೌಟು ಹಿಟ್ಟು ಬೆರೆಸಿಕೊಂಡು ಆಮೇಲೆ ಎಲ್ಲಕ್ಕೂ ಸೇರಿಸಿ. ಟ್ರೇಗೆ ಸುರಿದು ಸಮ ಮಾಡಿ 11ರಿಂದ 13 ನಿಮಿಷ ಬೇಯಿಸಿ. ಬೆರಳಲ್ಲಿ ಒತ್ತಿದರೆ ತಗ್ಗು ತಾನಾಗಿ ಮೇಲೇಳಬೇಕು.

ಅಜ್ಜಿಯ ಪಾಲಿನ ಸ್ಪಂಜು

ಮೈದಾ 120 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ. ಇವನ್ನು ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಮೊಸರು 120 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಎಣ್ಣೆ 40 ಮಿಲಿ, ಹಾಲು 100 ಮಿಲಿ ಸೇರಿಸಿ ಕದಡಿ. ಎರಡನ್ನೂ ಬೆರೆಸಿ, ಗಂಟು ಹೋದ ತಕ್ಷಣ ನಿಲ್ಲಿಸಿ, ತಡಮಾಡದೆ ಟ್ರೇಗೆ ಸುರಿಯಿರಿ. ಸೋಡಾ ಮೊಸರಿನ ಹುಳಿಗೆ ಸೇರಿದ ಕ್ಷಣದಿಂದಲೇ ಗುಳ್ಳೆ ಏಳೋಕೆ ಶುರು. 180 ಡಿಗ್ರಿಯಲ್ಲಿ 12 ನಿಮಿಷ ಆಸುಪಾಸು ಸಾಕು.

ಇದಕ್ಕೆ ಮೊಟ್ಟೆಯ ಹಿಡಿತ ಇಲ್ಲ, ಬಾಗೋ ಗುಣ ಸ್ವಲ್ಪ ಕಡಿಮೆ. ಹಾಗಾಗಿ ಬಿಗಿ ಸುರುಳಿ ಬೇಡ, ಸಡಿಲವಾಗಿ ಒಂದೂವರೆ ಸುತ್ತು ಬಂದರೆ ಸಾಕು.

ಬಿಸಿ ಇದ್ದಾಗಲೇ ಸುತ್ತಿ

ರೋಲ್ ಕೇಕ್ ಬಿರಿಯೋದಕ್ಕೆ ಮುಖ್ಯ ಕಾರಣ ಎರಡು: ಹೆಚ್ಚು ಬೆಂದಿರೋದು, ಇಲ್ಲಾ ಆರಿದ ಮೇಲೆ ಸುತ್ತಿರೋದು. ಒಲೆಯಿಂದ ಇಳಿದಾಗ ಸ್ಪಂಜಿನ ಪಿಷ್ಟ ಮೆತ್ತಗಿರುತ್ತೆ, ಹೇಗೆ ಬಾಗಿಸಿದರೂ ಬಾಗುತ್ತೆ. ಆರ್ತಾ ಆರ್ತಾ ಇದ್ದ ಆಕಾರದಲ್ಲೇ ಗಟ್ಟಿಯಾಗುತ್ತೆ. ಸಪಾಟಾಗಿ ಆರಿದರೆ ಸಪಾಟಾಗಿರೋದೇ ಅದಕ್ಕೆ ಅಭ್ಯಾಸ.

ಅಜ್ಜಿಗೆ ಇದನ್ನ ವಿವರಿಸೋ ಅಗತ್ಯವೇ ಬೀಳಲಿಲ್ಲ. "ಬೆಳಗಾವಿ ಮಂಡಿಗಿ ಬಿಸಿ ಇದ್ದಾಗ ಮಡಚತಾರಲ್ಲ, ಹಂಗ. ಆರಿದ ಮ್ಯಾಲೆ ಮಡಚಾಕ ಹೋದ್ರ ಪುಡಿಪುಡಿ" ಅಂದಳು. ಮಂಡಿಗೆ ಗರಿಗರಿಯಾಗುತ್ತೆ, ಸ್ಪಂಜು ಮೆತ್ತಗೇ ಉಳಿಯುತ್ತೆ. ಕಾರಣ ಬೇರೆ ಇದ್ದರೂ ನಿಯಮ ಒಂದೇ.

ಹಳೇ ಹತ್ತಿ ಟವೆಲ್ ಹಾಸಿ ಮೇಲೆ ಪುಡಿ ಸಕ್ಕರೆ ಉದುರಿಸಿ. ಸ್ಪಂಜನ್ನು ಅದರ ಮೇಲೆ ಬೋರಲು ಹಾಕಿ ಪೇಪರ್ ಸುಲಿಯಿರಿ. ಒಣಗಿದ ಅಂಚನ್ನು ನಾಲ್ಕೂ ಕಡೆ ಬೆರಳಗಲ ಕತ್ತರಿಸಿ, ಬಿರುಕು ಶುರುವಾಗೋದು ಅಲ್ಲಿಂದಲೇ. ಚಿಕ್ಕ ಬದಿಯಿಂದ ಟವೆಲ್ ಸಮೇತ ಸುತ್ತಿ. ನಮ್ಮ ಕಡೆಯ ಒಣಗಾಳಿಗೆ ಸ್ಪಂಜು ಬೇಗ ಒಣಗುತ್ತೆ, ಆದ್ದರಿಂದ ಫ್ಯಾನ್ ಕೆಳಗೆ ಇಡಬೇಡಿ. ಟವೆಲ್ ಮುಚ್ಚಿಕೊಂಡೇ 40 ನಿಮಿಷ ಆರಲಿ.

ಆಮೇಲೆ ಮೆಲ್ಲಗೆ ಬಿಚ್ಚಿ. ಪೂರ್ತಿ ಸಪಾಟು ಮಾಡೋದು ಬೇಡ, ತುದಿ ಸುರುಳಿ ಹಾಗೇ ಇರಲಿ. ಎರಡು ಚಮಚ ಹಾಲು ಚಿಮುಕಿಸಿ. ಇಳಿಸಿದ ಕೇಸರ್ ತಿರುಳು ತೆಳ್ಳಗೆ ಸವರಿ, ಅದರ ಮೇಲೆ ಹೂರಣ ಹರಡಿ. ಕೊನೆಯ ಅಂಚಲ್ಲಿ ಒಂದಿಂಚು ಖಾಲಿ ಬಿಡಿ. ಸುತ್ತುವಾಗ ಹೂರಣ ಮುಂದೆ ಸರಿದು ತಾನೇ ಅಲ್ಲಿಗೆ ಬರುತ್ತೆ. ಶುರುವಿನ ಅಂಚಲ್ಲಿ ಮಾವಿನ ಹೋಳು ಸಾಲಾಗಿ ಇಟ್ಟು, ಈ ಸಲ ಟವೆಲ್ ಬಿಟ್ಟು ಸುತ್ತಿ. ಬಟರ್ ಪೇಪರ್‌ನಲ್ಲಿ ಬಿಗಿಯಾಗಿ ಕಟ್ಟಿ, ಅಂಚು ಕೆಳಗೆ ಬರೋ ಹಾಗೆ ಫ್ರಿಜ್‌ನಲ್ಲಿ ಕನಿಷ್ಠ ನಾಲ್ಕು ಗಂಟೆ ಇಡಿ. ಕತ್ತರಿಸುವಾಗ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಒಂದೇ ಎಳೆತಕ್ಕೆ ಕೊಯ್ಯಿರಿ.

ಎಷ್ಟು ಹೊತ್ತು ಇಡಬಹುದು?

ಬಿಸಿಲಿಗೆ ಕರಗಲ್ಲ ಅಂದ ಮಾತ್ರಕ್ಕೆ ಕೆಡಲ್ಲ ಅಂತ ಅಲ್ಲ. ಹಾಲಿನ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ಮೀರಿದರೆ ಒಂದೇ ಗಂಟೆ ಅನ್ನೋದು ಆಹಾರ ಸುರಕ್ಷತೆಯ ಸಾಮಾನ್ಯ ಲೆಕ್ಕ. ಸಾಣಾಪುರದ ಬೇಸಿಗೆಗೆ ಆ ಒಂದು ಗಂಟೆಯೇ ಅನ್ವಯ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ಪದೇ ಪದೇ ತೆರೀಬೇಡಿ. ಕೆರೆ ಕಡೆ ಒಯ್ಯೋದಾದ್ರೆ ಐಸ್ ತುಂಬಿದ ಡಬ್ಬಿ ಇರಲಿ. ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತೆ, ಮೂರನೇ ದಿನಕ್ಕೆ ಮಾವು ನೀರು ಬಿಡುತ್ತೆ.

ನಮ್ಮನೆಯಲ್ಲಿ ಎರಡನೇ ದಿನದವರೆಗೂ ಉಳಿಯಲ್ಲ, ಆ ಮಾತು ಬೇರೆ. ಮೊಟ್ಟೆ ಇರೋದು ಇಲ್ಲದ್ದು ಅದಲುಬದಲಾಗದಿರಲಿ ಅಂತ ಅತ್ತಿಗೆ ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು, ಮೊಟ್ಟೆ ಇಲ್ಲದ್ದರ ಮೇಲೆ ಒಂದು ತುಳಸಿ ಎಲೆ ಇಡ್ತಾಳೆ. ಬಟ್ಟಲು, ಬೀಟರ್, ಚಾಕು ಕೂಡ ಬೇರೆ. ಈ ವರ್ಷದ ಹುಟ್ಟುಹಬ್ಬಕ್ಕೆ ಅಜ್ಜಿ ಎಂದಿನಂತೆ "ತತ್ತಿ?" ಅಂತ ಕೇಳಿದಳು. ಅತ್ತಿಗೆ ತುಳಸಿ ಎಲೆ ತೋರಿಸಿದಳು. ಅಜ್ಜಿ ಒಂದು ಹೋಳು ತಿಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಕ್ಕರಿ ಸ್ವಲ್ಪ ಜಾಸ್ತಿ ಆಗೇತಿ" ಅಂದಳು. ಆಮೇಲೆ ಇನ್ನೊಂದು ಹೋಳಿಗೆ ತಟ್ಟೆ ಮುಂದೆ ಹಿಡಿದಳು.

ಹಣ್ಣು ತುಂಬಾ ಸಿಹಿ ಇದ್ದರೆ ನೀವೂ ಹೂರಣದ ಸಕ್ಕರೆಯನ್ನು 30 ಗ್ರಾಂಗೆ ಇಳಿಸಿಕೊಳ್ಳಿ.