ಬೆಂಗಳೂರು 9,940, ದೆಹಲಿ 685: ಹಾಗಾದ್ರೆ ದೆಹಲಿ ಸೇಫಾ?

ಹೊರರಾಜ್ಯದ ಆಫೀಸುಗಳಲ್ಲಿ ನಮಗೆ ಈ ಮಾತು ಆಗಾಗ ಬೀಳುತ್ತೆ: "ನಿಮ್ಮ ಬೆಂಗಳೂರು ಸೈಬರ್ ಕ್ರೈಮ್ ರಾಜಧಾನಿ ಅಂತಲ್ಲ?" ಇದರ ಮೂಲ ಎನ್‌ಸಿಆರ್‌ಬಿ, ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ. 2022ರಲ್ಲಿ ಬೆಂಗಳೂರು ನಗರದಲ್ಲಿ 9,940 ಸೈಬರ್ ಪ್ರಕರಣ. ಮುಂಬೈ 4,724, ಹೈದರಾಬಾದ್ 4,436. ಇಡೀ ದೆಹಲಿ? ಬರೀ 685!

ಜಾಮ್‌ತಾರಾ, ಮೇವಾತ್ ಕಡೆಯ ವಂಚಕರು ದೆಹಲಿಯವರಿಗೆ ಮಾತ್ರ ಫೋನ್ ಮಾಡಲ್ಲ ಅಂತ ನಂಬೋಕಾಗುತ್ತಾ? ಆಗಲ್ಲ.

ವಿಷಯ ಇಷ್ಟೇ. ಎನ್‌ಸಿಆರ್‌ಬಿ ಎಣಿಸೋದು ನಡೆದ ಅಪರಾಧಗಳನ್ನಲ್ಲ, ದಾಖಲಾದ ಎಫ್‌ಐಆರ್‌ಗಳನ್ನ. 2022ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣ 65,893. ಅದೇ ವರ್ಷ ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ಗೆ ಬಂದ ದೂರು 9 ಲಕ್ಷಕ್ಕೂ ಹೆಚ್ಚು. ಉಳಿದ ದೂರುಗಳಲ್ಲಿ ಬಹುಪಾಲು ಎಫ್‌ಐಆರ್ ಆಗಲೇ ಇಲ್ಲ. ಆಗದ್ದು ಪಟ್ಟಿಗೂ ಬರಲ್ಲ.

ಬೆಂಗಳೂರಿನಲ್ಲಿ ಸೈಬರ್ ಠಾಣೆ 2001ರಲ್ಲೇ ಶುರುವಾಯ್ತು. ಆಮೇಲೆ ನಗರದ ಒಂದೊಂದು ಪೊಲೀಸ್ ವಿಭಾಗಕ್ಕೂ ಸೆನ್ ಠಾಣೆ ಬಂತು (ಸೈಬರ್, ಆರ್ಥಿಕ ಅಪರಾಧ, ಮಾದಕವಸ್ತು, ಮೂರಕ್ಕೂ ಸೇರಿ). ಬಾಗಿಲು ಜಾಸ್ತಿ ಇದ್ದಲ್ಲಿ ದೂರೂ ಜಾಸ್ತಿ ದಾಖಲಾಗುತ್ತೆ. ಹಾಗಂತ ಬೆಂಗಳೂರಲ್ಲಿ ವಂಚನೆ ಕಡಿಮೆ ಅಂತ ನಾನು ಹೇಳ್ತಿಲ್ಲ, ಆನ್‌ಲೈನ್ ದುಡ್ಡು ಓಡಾಡೋ ಊರು ಅದು. ಆದ್ರೆ ಆ ಎರಡು ಅಂಕಿ ಪಕ್ಕಪಕ್ಕ ಇಟ್ಟು ಊರಿಗೆ ರ‍್ಯಾಂಕ್ ಕೊಡೋದು ತಪ್ಪು. ಇನ್ನೊಂದು ತೊಡಕು: ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ತನಿಖೆ ಮಾಡೋರು ಇನ್‌ಸ್ಪೆಕ್ಟರ್ ಅಥವಾ ಅದಕ್ಕೂ ಮೇಲಿನವರೇ ಆಗಿರಬೇಕು. ಠಾಣೆಯಲ್ಲಿ ಅಂಥವರು ಎಷ್ಟು ಜನ ಇರ್ತಾರೆ, ನೀವೇ ಯೋಚಿಸಿ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಹುಬ್ಬಳ್ಳಿಯಲ್ಲಿ ಅಪ್ಪನ ಖಾತೆಯಿಂದ ದುಡ್ಡು ಹೋಯ್ತು, ನೀವು ಗುರುಗ್ರಾಮದಲ್ಲಿದ್ದೀರಿ ಅಂದ್ಕೊಳ್ಳಿ. ಮೊದಲು ತಡಮಾಡದೆ 1930ಕ್ಕೆ ಫೋನ್. ದುಡ್ಡು ಇನ್ನೊಂದು ಖಾತೆಗೆ ದಾಟೋ ಮುಂಚೆ ತಡೆಯೋಕೆ ಇರೋ ದಾರಿ ಅದು. ಆದ್ರೆ ಅಲ್ಲಿ ಸಿಗೋ ನಂಬರ್ ಎಫ್‌ಐಆರ್ ಅಲ್ಲ! ಬಹಳ ಜನ ಎಡವೋದು ಇಲ್ಲೇ, ಎಸ್‌ಎಂಎಸ್ ಬಂತಲ್ಲ ಅಂತ ಸುಮ್ಮನಾಗ್ತಾರೆ.

2024ರ ಜುಲೈ 1ರಿಂದ ಜಾರಿಯಲ್ಲಿರೋ ಬಿಎನ್‌ಎಸ್‌ಎಸ್‌ನ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದ್ರೂ ಮಾಹಿತಿ ಕೊಡಬಹುದು. "ನಮ್ಮ ವ್ಯಾಪ್ತಿ ಅಲ್ಲ" ಅನ್ನೋ ಹಾಗಿಲ್ಲ, ಅದೇ ಝೀರೋ ಎಫ್‌ಐಆರ್. ಆನ್‌ಲೈನಲ್ಲಿ ಕಳಿಸಿದ್ರೆ ಮೂರು ದಿನದೊಳಗೆ ಸಹಿ ಹಾಕಬೇಕು. ಪ್ರತಿ ಉಚಿತ, ಕೇಳಿ ತಗೊಳ್ಳಿ. ಠಾಣೆಯಲ್ಲಿ ತಗೊಳ್ಳಲಿಲ್ಲ ಅಂದ್ರೆ ಎಸ್‌ಪಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ರೆ ಮ್ಯಾಜಿಸ್ಟ್ರೇಟ್.