ತಂಬೂರಿ ನುಂಗುವ ಸಾಫ್ಟ್‌ವೇರ್

ಗಲ್ಫ್‌ನಲ್ಲಿರುವ ನಮ್ಮಲ್ಲಿ ಹಲವರ ಮಕ್ಕಳಿಗೆ ಸಂಗೀತ ಪಾಠ ಲ್ಯಾಪ್‌ಟಾಪ್ ಮುಂದೆಯೇ. ಗುರುಗಳು ಇರುವುದು ಮೈಸೂರಿನಲ್ಲೋ ಉಡುಪಿಯಲ್ಲೋ. "ತಂಬೂರಿ ಕೇಳಿಸ್ತಾ ಇಲ್ಲವಲ್ಲ ಮಗು, ಹಾಕಿದ್ದೀಯಾ?" ಎಂದು ಅವರು ಕೇಳಿದರೆ ನಮ್ಮ ಅನುಮಾನ ಹೋಗುವುದು ಇಂಟರ್ನೆಟ್ ಮೇಲೆ. ಎಷ್ಟೋ ಸಲ ಕಳ್ಳ ಒಳಗೇ ಇರುತ್ತಾನೆ.

ಹೊಸ ಲ್ಯಾಪ್‌ಟಾಪಿನ ಜೊತೆ ನಾವು ಕೇಳದಿದ್ದರೂ ಒಂದು ಆಡಿಯೊ ಪ್ರೋಗ್ರಾಂ ಬಂದಿರುತ್ತದೆ. ಮಾತನ್ನು ಉಳಿಸಿ ಗದ್ದಲವನ್ನು ಅಳಿಸುವುದು ಅದರ ಕೆಲಸ. ಎಡೆಬಿಡದೆ ಒಂದೇ ಸಮನೆ ಬರುವ ಸದ್ದೆಲ್ಲ ಅದರ ಲೆಕ್ಕದಲ್ಲಿ ಗದ್ದಲವೇ. ಎ.ಸಿ.ಯ ಮೊರೆತವೂ ಅಷ್ಟೇ, ತಂಬೂರಿಯೂ ಅಷ್ಟೇ! ಮಗು ಷಡ್ಜ ಹಿಡಿದು ನಿಂತರೆ ಅದೂ ಮಧ್ಯೆ ಮಧ್ಯೆ ಮಾಯ. ಆಫೀಸ್ ಮೀಟಿಂಗಿಗೆ ಇದು ವರ, ಸಂಗೀತಕ್ಕಲ್ಲ.

ಮೊದಲು ಆ ಪ್ರೋಗ್ರಾಂ ತೆರೆದು 'ನಾಯ್ಸ್ ಸಪ್ರೆಷನ್' ಆಫ್ ಮಾಡಿ ನೋಡಿ. ಅದು ಮತ್ತೆ ಮತ್ತೆ ತಾನಾಗಿ ಆನ್ ಆಗುತ್ತಿದ್ದರೆ ತೆಗೆದೇಬಿಡೋಣ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ, ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ 'ಅನ್‌ಇನ್‌ಸ್ಟಾಲ್' ಕೊಡಿ. ಆದರೆ ಹೆಸರಿನಲ್ಲಿ 'ಡ್ರೈವರ್' ಎಂದಿದ್ದರೆ ಕೈ ಹಚ್ಚಬೇಡಿ. ವಿಂಡೋಸ್‌ಗೂ ಸೌಂಡ್ ಚಿಪ್‌ಗೂ ನಡುವೆ ಅದೇ ದುಭಾಷಿ. ಅಕಸ್ಮಾತ್ ಅದು ಹೋಗಿ ಸದ್ದೇ ನಿಂತರೆ ಗಾಬರಿ ಬೇಡ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಸಾಮಾನ್ಯವಾಗಿ ತನ್ನದೇ ಡ್ರೈವರ್ ಹಾಕಿಕೊಳ್ಳುತ್ತದೆ.

ಪಾಠ ಜೂಮ್‌ನಲ್ಲಾದರೆ ಇನ್ನೊಂದು ಕೆಲಸ ಉಂಟು. ಗದ್ದಲ ಅಳಿಸುವ ವ್ಯವಸ್ಥೆ ಅದರಲ್ಲೂ ಇದೆ. ಸಂಗೀತಗಾರರಿಗೆಂದೇ ಇಟ್ಟಿರುವ 'ಒರಿಜಿನಲ್ ಸೌಂಡ್' ಆನ್ ಮಾಡಿಕೊಳ್ಳಿ. ತೆಗೆದ ಪ್ರೋಗ್ರಾಂ ಅಪ್‌ಡೇಟ್ ಜೊತೆ ಮರಳಿ ಬರುವುದೂ ಉಂಟು, ಆಗಾಗ ಆ್ಯಪ್ ಪಟ್ಟಿ ನೋಡುತ್ತಿರಿ.