ಮಣ್ಣಿನ ಮಾಳಿಗೆ

ಮಣ್ಣಿನ ಮಾಳಿಗೆ ಎಂದರೆ ಮರದ ತೊಲೆ ಮತ್ತು ಜಂತಿಗಳ ಮೇಲೆ ದಪ್ಪನಾಗಿ ಮಣ್ಣನ್ನು ಹಾಸಿ ನಿರ್ಮಿಸುವ ಸಮತಟ್ಟಾದ ಛಾವಣಿ. ಕರ್ನಾಟಕದ ಈಶಾನ್ಯ ಭಾಗದ ಒಣ ಬಯಲಿನಲ್ಲಿ ಇದು ರೂಢಿಯಲ್ಲಿತ್ತು. ರಾಯಚೂರು, ದೇವದುರ್ಗ ಮತ್ತು ಮಾನ್ವಿ ಭಾಗದ ಹಳೆಯ ಮನೆಗಳು ಇದಕ್ಕೆ ಉದಾಹರಣೆಗಳಾಗಿವೆ. ನೆರೆಯ ತೆಲುಗು ಪ್ರದೇಶದಲ್ಲಿ ಇಂತಹ ಛಾವಣಿಯನ್ನು ಮಿದ್ದೆ ಎನ್ನುತ್ತಾರೆ. ಬೇಸಿಗೆಯ ತಾಪವನ್ನು ತಡೆಯುವುದು ಇದರ ಮುಖ್ಯ ಗುಣ. ಅತಿಯಾದ ತೂಕ ಇದರ ಮುಖ್ಯ ದೋಷ. ಎರಡಕ್ಕೂ ಮಣ್ಣಿನ ದಪ್ಪವೇ ಕಾರಣ.

ಹಿನ್ನೆಲೆ

ರಾಯಚೂರು ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ದೇವದುರ್ಗ ತಾಲ್ಲೂಕು ಕೃಷ್ಣೆಯ ಕಡೆಗೂ ಮಾನ್ವಿ ತಾಲ್ಲೂಕು ತುಂಗಭದ್ರೆಯ ಕಡೆಗೂ ಇವೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಮಲೆನಾಡಿನಂತೆ ಹೆಚ್ಚು ಮಳೆ ಬೀಳದ ಕಾರಣ ಇಳಿಜಾರಾದ ಹೆಂಚಿನ ಛಾವಣಿ ಇಲ್ಲಿ ಅನಿವಾರ್ಯವಾಗಲಿಲ್ಲ.

ರಚನೆ

ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಗಳ ನಡುವೆ ಮರದ ಕಂಬಗಳನ್ನು ನಿಲ್ಲಿಸಿ, ಅವುಗಳ ತಲೆಯ ಮೇಲೆ ಬೋದಿಗೆಗಳನ್ನು ಇರಿಸಲಾಗುತ್ತದೆ. ಬೋದಿಗೆಯು ತೊಲೆಯ ಭಾರವನ್ನು ಕಂಬಕ್ಕೆ ಹಂಚುತ್ತದೆ. ತೊಲೆಗಳಿಗೆ ಅಡ್ಡಲಾಗಿ ಜಂತಿಗಳನ್ನು, ಜಂತಿಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ಸೀಳುಗಳನ್ನು ಒತ್ತಾಗಿ ಜೋಡಿಸುತ್ತಾರೆ. ಬೇವು, ಜಾಲಿಯಂತಹ ಸ್ಥಳೀಯ ಮರಗಳ ಜಂತಿಗಳು ನೇರವಾಗಿರುವುದು ಅಪರೂಪ. ಹೀಗಾಗಿ ಮರದ ಹಾಸು ಉಬ್ಬುತಗ್ಗುಗಳಿಂದ ಕೂಡಿರುತ್ತದೆ.

ಈ ಹಾಸಿನ ಮೇಲೆ ಬೇವು ಮೊದಲಾದವುಗಳ ಸೊಪ್ಪನ್ನು ಹರಡಿ, ಕಲಸಿದ ಮಣ್ಣನ್ನು ಪದರಪದರವಾಗಿ ಬಡಿದು ಕೂಡಿಸಲಾಗುತ್ತದೆ. ಸೊಪ್ಪು ಮಣ್ಣು ಕೆಳಗೆ ಉದುರದಂತೆ ತಡೆಯುತ್ತದೆ. ಮಣ್ಣು ಮರದ ಏರುಪೇರನ್ನು ಮುಚ್ಚುತ್ತದೆ. ಮೇಲ್ಮೈಗೆ ಅಲ್ಪ ಇಳಿಜಾರು ಕೊಟ್ಟು, ಮಳೆನೀರು ಗೋಡೆಗೆ ತಾಗದೆ ದೂರಕ್ಕೆ ಬೀಳುವಂತೆ ದೋಣಿಗಳನ್ನು ಇಡುತ್ತಾರೆ. ಅಂಚಿನ ಕಿರುಗೋಡೆಗೆ ಕುಂಬಿ ಎಂದು ಹೆಸರು. ಬೆಳಕಿಗಾಗಿ ಮತ್ತು ಹೊಗೆ ಹೊರಹೋಗಲು ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ.

ಸವಳು ಮಣ್ಣು

ಮೇಲಿನ ಪದರಕ್ಕೆ ಸವಳು ಮಣ್ಣನ್ನು ಬಳಸುವುದು ವಾಡಿಕೆ. ಕಪ್ಪು ಎರೆಮಣ್ಣು ನೆನೆದಾಗ ಹಿಗ್ಗಿ, ಒಣಗಿದಾಗ ಬಿರುಕು ಬಿಡುವುದರಿಂದ ಈ ಕೆಲಸಕ್ಕೆ ಹೊಂದುವುದಿಲ್ಲ. ಸೋಡಿಯಂ ಅಂಶ ಹೆಚ್ಚಿರುವ ಸವಳು ಮಣ್ಣಿನ ಜೇಡಿಕಣಗಳು ಮಳೆಹನಿ ಬಿದ್ದೊಡನೆ ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ನೀರನ್ನು ಒಳಗೆ ಬಿಡದ ಈ ಗುಣದಿಂದಲೇ ಸವಳು ಹೊಲ ಬೆಳೆಗೆ ಒಗ್ಗುವುದಿಲ್ಲ. ಹೊಲದಲ್ಲಿ ದೋಷವೆನಿಸಿದ್ದು ಛಾವಣಿಯಲ್ಲಿ ಗುಣವಾಗುತ್ತದೆ.

ಉಷ್ಣದ ನಿಯಂತ್ರಣ

ಬಿಸಿಲಿನ ಶಾಖವು ಮಣ್ಣಿನ ಪದರವನ್ನು ದಾಟಿ ಕೆಳಗಿಳಿಯಲು ಸಮಯ ಬೇಕು. ಸುಮಾರು 30 ಸೆಂ.ಮೀ. ದಪ್ಪದ ಒಣಮಣ್ಣಿಗೆ ಇದು 8ರಿಂದ 10 ಗಂಟೆಗಳಾಗಬಹುದು. ತೆಳುವಾದ ಕಾಂಕ್ರೀಟ್ ಛಾವಣಿಗೆ ಸುಮಾರು 3 ಗಂಟೆ ಸಾಕು. ಆದ್ದರಿಂದ ಮಧ್ಯಾಹ್ನ ಪಡಸಾಲೆ ತಂಪಾಗಿರುತ್ತದೆ. ರಾತ್ರಿ ಶಾಖ ಒಳಕ್ಕೆ ತಲುಪುವ ಹೊತ್ತಿಗೆ ಹೊರಗಿನ ಗಾಳಿ ತಣಿದಿರುತ್ತದೆ. ಬೇಸಿಗೆಯಲ್ಲಿ ಮನೆಮಂದಿ ಮಾಳಿಗೆಯ ಮೇಲೆಯೇ ಮಲಗುವ ರೂಢಿಯೂ ಇದೆ.

ಶೀತ ದೇಶಗಳಲ್ಲಿ ಇದೇ ತತ್ತ್ವವನ್ನು ನೆಲವನ್ನು ಬೆಚ್ಚಗಿಡಲು ಬಳಸುತ್ತಾರೆ. ಕೊರಿಯಾದ ಒಂದೋಲ್ ಪದ್ಧತಿಯಲ್ಲಿ ಒಲೆಯ ಬಿಸಿಹೊಗೆಯು ಕಲ್ಲುಹಾಸಿನ ಅಡಿಯಲ್ಲಿ ಹಾಯುತ್ತದೆ. ಯುರೋಪಿನಲ್ಲಿ ಬಿಸಿನೀರಿನ ಕೊಳವೆಗಳನ್ನು ನೆಲದ ಗಾರೆಯೊಳಗೆ ಹುದುಗಿಸುತ್ತಾರೆ. ಆದರೆ ಜಂತಿಗಳ ಮೇಲೆ ನಿಂತ ಮರದ ನೆಲವು ದಪ್ಪ ಗಾರೆಯ ಭಾರವನ್ನು ತಾಳದಿರಬಹುದು. ಅಂತಹ ಕಡೆ ಮೊದಲು ಏರುಪೇರನ್ನು ಸರಿಪಡಿಸಿ, ಜಂತಿಗಳ ನಡುವೆ ಶಾಖನಿರೋಧಕ ತುಂಬಿ, ತೆಳುವಾದ ಲೋಹದ ತಗಡುಗಳ ಮೇಲೆ ಕೊಳವೆ ಹಾಯಿಸುವುದುಂಟು. ಮರದ ಮೇಲೆ ಎಷ್ಟು ಭಾರ ಹೇರಬಹುದು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಭಾರ ಮತ್ತು ಅಪಾಯ

30 ಸೆಂ.ಮೀ. ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 500 ಕಿ.ಗ್ರಾಂ. ತೂಗುತ್ತದೆ, ನೆನೆದಾಗ ತೂಕ ಇನ್ನೂ ಹೆಚ್ಚು. ಮಳೆಗಾಲಕ್ಕೆ ಮುನ್ನ ಹಳೆಯ ಪದರವನ್ನು ತೆಗೆಯದೆ ಹೊಸ ಮಣ್ಣು ಹಾಕುತ್ತ ಹೋದರೆ ವರ್ಷದಿಂದ ವರ್ಷಕ್ಕೆ ಭಾರ ಏರುತ್ತದೆ. ಅದೇ ವೇಳೆ ಗೋಡೆಯೊಳಗೆ ಹುದುಗಿರುವ ಜಂತಿಯ ತುದಿಗಳು ತೇವ ಮತ್ತು ಗೆದ್ದಲಿನಿಂದ ಸವೆಯುತ್ತವೆ.

1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ, ಕಲ್ಲುಗೋಡೆಗಳೂ ಭಾರವಾದ ಮಣ್ಣಿನ ಛಾವಣಿಗಳೂ ಕುಸಿದದ್ದು ಸಾವುನೋವು ಹೆಚ್ಚಲು ಕಾರಣವಾಯಿತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಅತಿವೃಷ್ಟಿಯಲ್ಲಿ ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ನೆಲಕಚ್ಚಿದವು.

ನಿರ್ವಹಣೆ

ಹೊಸ ಮಣ್ಣು ಹಾಕುವ ಮೊದಲು ಸಡಿಲಗೊಂಡ ಹಳೆಯ ಪದರವನ್ನು ಕೆರೆದು ಇಳಿಸಬೇಕು. ಬಾಗಿದ ಅಥವಾ ಟೊಳ್ಳಾದ ಜಂತಿಗಳನ್ನು ಬದಲಿಸಬೇಕು. ಮಾಳಿಗೆಯ ಮೇಲೆ ಬೆಳೆದ ಹುಲ್ಲನ್ನು ಬೇರುಸಹಿತ ಕೀಳಬೇಕು. ಬೇರು ಇಳಿದ ದಾರಿಯಲ್ಲಿಯೇ ನೀರು ಜಿನುಗುತ್ತದೆ. ದೋಣಿಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಮಳೆ ಎಡೆಬಿಡದೆ ಸುರಿಯುವಾಗ ಜಂತಿ ಬಾಗುವುದು, ಮಣ್ಣು ಉದುರುವುದು ಅಥವಾ ಗೋಡೆ ಉಬ್ಬುವುದು ಕಂಡುಬಂದರೆ ಅಂತಹ ಮನೆಯನ್ನು ಕೂಡಲೇ ತೆರವು ಮಾಡುವುದು ಸುರಕ್ಷಿತ.